ಧಣಿಯ ಸಾಲ, ಒಕ್ಕಲಿನ ಪಾಡು

ಕುಂದಾಪುರ ಕಡೆಯ ಹಿರಿಯ ಓದುಗರೊಬ್ಬರ ಪತ್ರ: "ಐರ್ಲೆಂಡಿನಲ್ಲಿ ಸಾಲದಲ್ಲಿ ಮುಳುಗಿದ ಧಣಿಗಳ ಎಸ್ಟೇಟನ್ನು ಕೋರ್ಟೇ ಮಾರಿತು, ಒಕ್ಕಲುಗಳು ದುಡ್ಡು ಕೊಟ್ಟು ಕೊಂಡರು. ಯಾರಿಗೂ ಅನ್ಯಾಯ ಆಗಲಿಲ್ಲ. ನಮ್ಮಲ್ಲಿ 1974ರಲ್ಲಿ ಭೂಸುಧಾರಣೆ ಬಂದು, ಉಳುವವನು ನಾನೇ ಎಂದು ಡಿಕ್ಲರೇಷನ್ ಕೊಟ್ಟವನ ಪಾಲಿಗೆ ಭೂಮಿ ಹೋಯಿತು. ನಮ್ಮ ಮನೆಗೆ ಸಿಕ್ಕಿದ ಪರಿಹಾರ ಹೇಳಿಕೊಳ್ಳುವ ಹಾಗಿಲ್ಲ. ಅಲ್ಲಿಯ ದಾರಿಯೇ ಸರಿ ಅಲ್ವಾ?"

ಹಿರಿಯರೇ, ನಿಮ್ಮ ನೋವು ಸುಳ್ಳಲ್ಲ. ಗೇಣಿ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರೂ ಆಗ ಗದ್ದೆ ಕಳೆದುಕೊಂಡರು. ಒಪ್ಪುತ್ತೇನೆ. ಆದರೆ "ಯಾರಿಗೂ ಅನ್ಯಾಯ ಆಗಲಿಲ್ಲ" ಎಂಬ ಮಾತನ್ನು ಸುಮ್ನೆ ಬಿಡಲಾರೆ.

ಆ ಕೋರ್ಟು ಹುಟ್ಟಿದ್ದು 1849ರಲ್ಲಿ. ಆಲೂಗಡ್ಡೆ ಕೊಳೆತು ಸುಮಾರು 10 ಲಕ್ಷ ಜನ ಸತ್ತ ಬರಗಾಲವದು. ಗೇಣಿ ನಿಂತಿತು, ಧಣಿಗಳು ಅಡವು ಸಾಲದ ಬಡ್ಡಿ ಕಟ್ಟಲಾರದೆ ಹೋದರು. ಸಾಲ ಕೊಟ್ಟವನು ಅರ್ಜಿ ಹಾಕಿದರೆ ಸಾಕು, ಎಸ್ಟೇಟು ಹರಾಜಿಗೆ ಬರುತ್ತಿತ್ತು. ಕೊಂಡವನಿಗೆ ಹಳೆಯ ತಕರಾರು ಯಾವುದೂ ತಟ್ಟದ ಹಕ್ಕುಪತ್ರ. ಬಂದ ಹಣ ಸಾಲ ಕೊಟ್ಟವರಿಗೆ ಸರದಿಯಂತೆ.

ಒಕ್ಕಲು ಎಲ್ಲಿದ್ದ? ಹರಾಜಿಗೆ ಮುಂಚೆ ಅಚ್ಚಾಗುತ್ತಿದ್ದ ಪುಸ್ತಿಕೆಯಲ್ಲಿದ್ದ. ಅದರಲ್ಲಿ ಜಮೀನಿನ ನಕ್ಷೆ, ಕೆಲವದರಲ್ಲಿ ಧಣಿಯ ಬಂಗಲೆಯ ಚಿತ್ರ. ಜೊತೆಗೆ ಸಾಲುಸಾಲಾಗಿ ಗೇಣಿದಾರನ ಹೆಸರು, ಎಷ್ಟು ಎಕರೆ, ಎಷ್ಟು ಗೇಣಿ, ಯಾವ ಕಂತಿಗೆ ಕಟ್ಟಬೇಕು. ಆ ಹೊಲದ ಕಲ್ಲು ಆರಿಸಿದವನು, ಬಸಿಗಾಲುವೆ ತೋಡಿದವನು, ಗುಡಿಸಲು ಕಟ್ಟಿಕೊಂಡವನು ಅವನೇ. ಆ ದುಡಿಮೆಯ ಬೆಲೆ ಹರಾಜಿನ ಹಣದೊಳಗೆ ಸೇರಿ ಧಣಿಯ ಸಾಲಕ್ಕೆ ಜಮೆಯಾಯಿತು. ಎಷ್ಟೋ ಕಡೆ ಹೊಸ ಧಣಿ ಬಂದವನೇ ಗೇಣಿ ಏರಿಸಿದ.

ಒಕ್ಕಲುಗಳಿಗೆ ಕೊಳ್ಳಲು ಅನುಕೂಲ ಮಾಡಿಕೊಡಿ ಎಂದು 1870ರ ಕಾನೂನು ಕೋರ್ಟಿಗೆ ಹೇಳಿತು, ನಿಜ. ಆದರೆ ಮಾಲೀಕನ ಹಿತಕ್ಕೆ ಧಕ್ಕೆ ಬಾರದ ಹಾಗೆ! ಬೆಲೆಯಲ್ಲಿ ಮೂರನೇ ಎರಡು ಪಾಲು ಬ್ರಿಟಿಷ್ ಸರ್ಕಾರದ ಸಾಲ, ಉಳಿದದ್ದು ಒಕ್ಕಲಿನ ಕೈಯಿಂದ. ಬರಗಾಲ ಕಂಡ ಮನೆಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆ ಕಾನೂನಿನಡಿ ಕೊಂಡವರು 1,000 ಜನವೂ ಆಗಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಊರಿಡೀ ಒಂದೇ ಲಾಟಿನಲ್ಲಿ ಹೋದರೆ ಮಾರಾಟ ಸಲೀಸು. ತುಂಡು ಮಾಡಿದರೆ ಒಳ್ಳೆಯ ಹೊಲ ಹೋಗಿ ಜೌಗು ಉಳಿಯುತ್ತದೆ, ತುಂಡಿಗೊಂದು ಪತ್ರದ ಖರ್ಚು ಬೇರೆ. ಮೊದಲ ಅಡವಿನವನಿಗೆ ಕಡಿಮೆ ಬೆಲೆಯಾದರೂ ನಷ್ಟವಿಲ್ಲ, ಅವನ ದುಡ್ಡು ಮೊದಲು ಬರುತ್ತದೆ. ಸಾಲಿನ ಕೊನೆಯವನು ಮಾತ್ರ ಜಾಸ್ತಿ ಬೆಲೆ ಬರಲಿ ಎಂದು ಹಟ ಹಿಡಿಯುತ್ತಾನೆ. ಇವರ ಎಳೆದಾಟ ಮುಗಿಯುವ ತನಕ ಕೋರ್ಟು ನೇಮಿಸಿದ ಉಸ್ತುವಾರಿ, ಅಂದರೆ ರಿಸೀವರ್, ಬಂದು ಗೇಣಿ ಎತ್ತುತ್ತಿದ್ದ. ಒಕ್ಕಲಿನ ಪಾಲಿಗೆ ಕೋರ್ಟೇ ಧಣಿ!

1885ರಲ್ಲಿ ಪೂರ್ತಿ ಬೆಲೆಗೆ ಸಾಲ ಸಿಕ್ಕಿತು. ಸಾಲದಲ್ಲಿ ದಿವಾಳಿಯಾದ ಎಸ್ಟೇಟನ್ನು ಒಕ್ಕಲುಗಳಿಗೇ ಮಾರಲು ನ್ಯಾಯಾಧೀಶರಿಗೆ ದಾರಿಯಾದದ್ದು 1896ರಲ್ಲಿ. 1903ರಲ್ಲಿ ಮಾರುವ ಧಣಿಗೆ ಬೆಲೆಯ ಮೇಲೆ 12% ಬೋನಸ್, ಒಕ್ಕಲಿಗೆ 68 ವರ್ಷಕ್ಕೂ ಜಾಸ್ತಿ ಕಾಲದ ಕಂತು. ಇದೆಲ್ಲ ಕೋರ್ಟಿನ ಕರುಣೆಯಿಂದ ಬರಲಿಲ್ಲ. 1879ರಲ್ಲಿ ಒಕ್ಕಲುಗಳ ಸಂಘಟನೆಯಾದ ಲ್ಯಾಂಡ್ ಲೀಗ್ ಕಟ್ಟಿದ ಮೈಕೆಲ್ ಡೇವಿಟ್ಟನ ಕುಟುಂಬವನ್ನು ಅವನ ಎಳವೆಯಲ್ಲೇ ಗೇಣಿ ಬಾಕಿಗಾಗಿ ಒಕ್ಕಲೆಬ್ಬಿಸಿದ್ದರು. ಅಂಥವರು ಬೀದಿಗಿಳಿದದ್ದರಿಂದ ಬಂತು. ಕಂತಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. 1932ರಲ್ಲಿ ಐರ್ಲೆಂಡಿನ ಡಿ ವೆಲೆರಾ ಸರ್ಕಾರ ಆ ಹಣವನ್ನು ಲಂಡನ್ನಿಗೆ ಕಳಿಸುವುದಿಲ್ಲ ಎಂದಿತು. 1938ರ ತನಕ ಎರಡು ದೇಶಗಳ ನಡುವೆ ಸುಂಕದ ಜಗಳ.

ನಮ್ಮ ದೇವರಾಜ ಅರಸರ 1974ರ ಭೂಸುಧಾರಣೆ ಕಾನೂನು ಒಕ್ಕಲನ್ನೇ ಅರ್ಜಿದಾರನಾಗಿ ನಿಲ್ಲಿಸಿತು. ಡಿಕ್ಲರೇಷನ್ನಿನ ಫಾರಂ 7 ತುಂಬಿ ಅವನು ನ್ಯಾಯಮಂಡಳಿಯ ಮುಂದೆ ನಿಂತ. ವಕೀಲರನ್ನು ಹೊರಗಿಟ್ಟಿದ್ದರು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧ ತೆಗೆದುಹಾಕಿತು. ಆದರೂ ರಶೀದಿಯನ್ನೇ ಕಾಣದ ಒಕ್ಕಲು, ಪಕ್ಕದ ಗದ್ದೆಯವನನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ತನ್ನ ಬಾಯಿಂದಲೇ "ಇದು ನಾನು ಉತ್ತ ನೆಲ" ಎಂದು ಹೇಳಿದನಲ್ಲ! ಐರ್ಲೆಂಡಿನ ಹರಾಜಿನಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

ಇನ್ನೊಂದು ಮಾತು. ಅದೇ ಕಾನೂನಿಗೆ 2020ರಲ್ಲಿ ಬಂದ ತಿದ್ದುಪಡಿಯಲ್ಲಿ, ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಕಡಿವಾಣ ಹಾಕಿದ್ದ 79ಎ, 79ಬಿ ಕಲಂಗಳು ಹೋದವು. ಕೃಷಿಯ ಗಂಧವೇ ಇಲ್ಲದವನೂ ಈಗ ದುಡ್ಡಿದ್ದರೆ ಗದ್ದೆ ಕೊಳ್ಳಬಹುದು. ನೀವು ಕಳಕೊಂಡ ಭೂಮಿಯೂ, ನಿಮ್ಮ ಒಕ್ಕಲು ಪಡೆದ ಭೂಮಿಯೂ ನಾಳೆ ಅವನದೇ. 1974ರ ಬಗ್ಗೆ ನಮಗೆ ಪತ್ರ ಬರುತ್ತಲೇ ಇರುತ್ತದೆ, ಇದರ ಬಗ್ಗೆ ಒಂದೂ ಬಂದಿಲ್ಲ. ನಿಮ್ಮ ಬರವಣಿಗೆ ಗಟ್ಟಿಯಾಗಿದೆ. ಮುಂದಿನ ಪತ್ರ ಅದರ ಮೇಲೆ ಬರೆಯಿರಿ, ಪೂರ್ತಿ ಪುಟ ಕೊಡುತ್ತೇನೆ.

— ಸಂಪಾದಕ