ಅಕ್ಷರ ದೊಡ್ಡದು ಮಾಡಿದರೂ ಮಂದದೃಷ್ಟಿಯವರಿಗೆ ನಮ್ಮ ಸಾಫ್ಟ್‌ವೇರ್ ಓದಲು ಆಗುತ್ತಿಲ್ಲ, ಏಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಕಚೇರಿ ಕೆಲಸಕ್ಕೆ ಕನ್ನಡದಲ್ಲೇ ಒಂದು ಸಾಫ್ಟ್‌ವೇರ್ ಮಾಡಿದ್ದೀರಿ. ಬ್ರೌಸರಿನಲ್ಲೂ ನಡೆಯುತ್ತದೆ, ವಿಂಡೋಸ್ ಪ್ರೋಗ್ರಾಂ ಆಗಿಯೂ ಇದೆ. ದೃಷ್ಟಿ ಕಡಿಮೆ ಇರುವ ಇಬ್ಬರು ಓದಲಾಗುತ್ತಿಲ್ಲ ಎಂದರು. ಅಕ್ಷರವನ್ನು 14ರಿಂದ 18 ಪಿಕ್ಸೆಲ್‌ಗೆ ಏರಿಸಿ, ಎಲ್ಲರಿಗೂ ಕಪ್ಪು ಹಿನ್ನೆಲೆ ಹಾಕಿದಿರಿ. ಒಬ್ಬರಿಗೆ ಏನೂ ಉಪಯೋಗವಾಗಲಿಲ್ಲ, ಇನ್ನೊಬ್ಬರಿಗೆ ಮೊದಲಿಗಿಂತ ಕಷ್ಟವಾಯಿತು.

ಹೀಗಾಗುವುದು ಸಹಜ. ಮಂದದೃಷ್ಟಿ ಎಂದರೆ ಒಂದೇ ತೊಂದರೆಯಲ್ಲ. ಕಣ್ಣಿನ ಪೊರೆ ಇದ್ದವರಿಗೆ ಎಲ್ಲವೂ ಮಂಜಿನ ಹಿಂದೆ ಇದ್ದಂತೆ, ಬಿಳಿ ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮ್ಯಾಕ್ಯುಲರ್ ಡಿಜೆನರೇಶನ್ ಇದ್ದವರಿಗೆ ನೋಟದ ನಡುಭಾಗವೇ ಹೋಗಿರುತ್ತದೆ. ಅವರು ಓರೆನೋಟದಿಂದ ಓದುತ್ತಾರೆ, ಹಾಗಾಗಿ ದೊಡ್ಡ ಅಕ್ಷರವೂ ಬಿಡಿಬಿಡಿಯಾದ ಸಾಲುಗಳೂ ಬೇಕು. ಗ್ಲಾಕೋಮಾ ಮುಂದುವರಿದವರದು ಇದಕ್ಕೆ ತಿರುವುಮುರುವು: ಅಂಚಿನ ನೋಟ ಹೋಗಿ, ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ. ಅಕ್ಷರ ದೊಡ್ಡದಾದಷ್ಟೂ ಆ ಕಿಂಡಿಯಲ್ಲಿ ಹಿಡಿಸುವ ಅಕ್ಷರಗಳು ಕಡಿಮೆ. ನಿಮ್ಮ ಎರಡನೆಯ ಬಳಕೆದಾರರಿಗೆ 18 ಪಿಕ್ಸೆಲ್ ತೊಡಕಾಗಿದ್ದು ಇದೇ ಕಾರಣಕ್ಕೆ ಇರಬಹುದು. ಕಪ್ಪು ಹಿನ್ನೆಲೆಯೂ ಕಾರಣವಿರಬಹುದು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಸಮನಾಗಿಲ್ಲದ ದೋಷ) ಇರುವ ಹಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಅಂಚು ಹರಡಿಕೊಂಡು ಕಾಣುತ್ತದೆ. ಮಧುಮೇಹದಿಂದ ರೆಟಿನಾ ಕೆಟ್ಟವರ ದೃಷ್ಟಿಯಂತೂ ಇವತ್ತು ಇದ್ದಂತೆ ನಾಳೆ ಇರದಿರಬಹುದು.

ಆದ್ದರಿಂದ ಎಷ್ಟು ದೊಡ್ಡದು, ಯಾವ ಬಣ್ಣ ಎಂಬುದನ್ನು ನೀವು ನಿರ್ಧರಿಸಲು ಹೋಗಬೇಡಿ. ಅವರು ತಮ್ಮ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ತಮಗೆ ಒಗ್ಗುವ ಹಾಗೆ ಈಗಾಗಲೇ ಹೊಂದಿಸಿಕೊಂಡಿರುತ್ತಾರೆ. ಆ ಹೊಂದಾಣಿಕೆಯನ್ನು ನಿಮ್ಮ ಸಾಫ್ಟ್‌ವೇರ್ ಎಲ್ಲಿ ಒಡೆಯುತ್ತಿದೆ ಎಂದು ಹುಡುಕುವುದೇ ನಿಜವಾದ ಕೆಲಸ.

ಮೊದಲು ಬ್ರೌಸರ್ ಭಾಗ ನೋಡೋಣ. ಪುಟದ ರೂಪ ಹೇಳುವ ಸಿಎಸ್‌ಎಸ್‌ ಕೋಡ್‌ನಲ್ಲಿ ಅಕ್ಷರದ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಬರೆದಿದ್ದರೆ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಹಿಗ್ಗಿಸಿದಾಗ ಅದು ಬೆಳೆಯುತ್ತದೆ ನಿಜ. ಆದರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಮೂಲ ಗಾತ್ರವನ್ನೇ 16ರಿಂದ 24ಕ್ಕೆ ಏರಿಸಿಕೊಂಡವರಿಗೆ ನಿಮ್ಮ ಪುಟ ಮಾತ್ರ ಹಾಗೇ ಉಳಿಯುತ್ತದೆ. ಆ ಮೂಲ ಗಾತ್ರದ ಇಷ್ಟು ಪಟ್ಟು ಎಂದು ಹೇಳುವ ರೆಮ್ ಅಳತೆಗೆ ಬದಲಾಯಿಸಿ, ಎರಡೂ ದಾರಿ ತೆರೆಯುತ್ತವೆ. ಪರದೆಯ ಅಗಲಕ್ಕೆ ಕಟ್ಟಿದ ವಿಡಬ್ಲ್ಯು ಅಳತೆಯನ್ನು ಅಕ್ಷರಕ್ಕೆ ಒಂಟಿಯಾಗಿ ಬಳಸಲೇಬೇಡಿ. ಪುಟ ಹಿಗ್ಗಿಸಿದಾಗ ಬ್ರೌಸರಿನ ಲೆಕ್ಕದಲ್ಲಿ ಪರದೆಯ ಅಗಲ ಅಷ್ಟೇ ಕುಗ್ಗುತ್ತದೆ, ಒಂದು ಇನ್ನೊಂದನ್ನು ಹೊಡೆದುಹಾಕಿ ಅಕ್ಷರ ಇದ್ದಷ್ಟೇ ಇರುತ್ತದೆ. ಬಟನ್ನಿಗೆ 40 ಪಿಕ್ಸೆಲ್ ಎಂದು ಎತ್ತರ ಬಿಗಿದಿದ್ದರೆ ಬೆಳೆದ ಅಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಕನಿಷ್ಠ ಎತ್ತರ ಮಾತ್ರ ಹೇಳಿ, ಉಳಿದದ್ದು ತಾನೇ ಬೆಳೆಯಲಿ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುವುದನ್ನು ತಡೆಯುವ ವ್ಯೂಪೋರ್ಟ್ ಸಾಲು ಇದ್ದರೆ ಇವತ್ತೇ ತೆಗೆಯಿರಿ.

ಇನ್ನು ಬಹಳ ಜನ ಗಮನಿಸದ ಒಂದು ಜಾಗ. ವೆಬ್ ಪುಟಗಳು ಅಂಗವೈಕಲ್ಯ ಇರುವವರಿಗೂ ಬಳಸಲು ಬರುವಂತಿರಬೇಕೆಂಬ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ 2018ರಲ್ಲಿ ಬಂದಾಗ ಒಂದು ನಿಯಮ ಸೇರಿತು: 320 ಪಿಕ್ಸೆಲ್ ಅಗಲದಲ್ಲೂ ಪುಟ ಒಂದೇ ಅಂಕಣವಾಗಿ ಮಡಚಿಕೊಳ್ಳಬೇಕು, ಒಂದೊಂದು ಸಾಲು ಓದಲೂ ಅಡ್ಡಡ್ಡ ಸರಿಸುವಂತಿರಬಾರದು. 1280 ಪಿಕ್ಸೆಲ್ ಅಗಲದ ಪರದೆಯನ್ನು 400% ಹಿಗ್ಗಿಸಿದರೆ ಉಳಿಯುವುದು ಅದೇ 320. ದೊಡ್ಡ ಕೋಷ್ಟಕ, ನಕ್ಷೆಗಳಿಗೆ ವಿನಾಯಿತಿ ಇದೆ. ಅಗಲದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಎತ್ತರವನ್ನು ಮರೆಯುತ್ತಾರೆ. ಪುಟದ ಜಾಗ 720 ಪಿಕ್ಸೆಲ್ ಎತ್ತರ ಇದ್ದರೆ 400%ನಲ್ಲಿ ಅದು 180 ಆಗುತ್ತದೆ. ನಿಮ್ಮ ಮೇಲ್ಪಟ್ಟಿ 64, ಕೆಳಗೆ ಅಂಟಿಕೊಂಡ ‘ಉಳಿಸಿ’ ಪಟ್ಟಿ 56 ಎಂದುಕೊಳ್ಳಿ. ಓದಲು ಉಳಿದದ್ದು 60 ಪಿಕ್ಸೆಲ್, ಅಂದರೆ ಎರಡು ಸಾಲು. ಇಡೀ ಅರ್ಜಿಯನ್ನು ಎರಡೆರಡು ಸಾಲಿನ ಕಿಂಡಿಯಲ್ಲಿ ತುಂಬಿಸಬೇಕು. ಪರದೆಯ ಎತ್ತರ ಸುಮಾರು 400 ಪಿಕ್ಸೆಲ್‌ಗಿಂತ ಕಡಿಮೆಯಾದಾಗ ಈ ಪಟ್ಟಿಗಳ ಅಂಟು ಬಿಡಿಸುವ ಒಂದು ಮೀಡಿಯಾ ಕ್ವೆರಿ, ಅಂದರೆ ಪರದೆಯ ಅಳತೆ ನೋಡಿ ಜಾರಿಯಾಗುವ ಸಿಎಸ್‌ಎಸ್‌ ನಿಯಮ, ಬರೆಯಿರಿ. ನಾಲ್ಕೈದು ಸಾಲಿನ ಕೋಡ್, ಆದರೆ ಅದರಿಂದ ಸಿಗುವ ಬಿಡುಗಡೆ ದೊಡ್ಡದು.

ಪರದೆಯನ್ನೇ ಹಿಗ್ಗಿಸುವ ಮ್ಯಾಗ್ನಿಫೈಯರ್ ಬಳಸುವವರ ಪಾಡು ಬೇರೆ. ನಾಲ್ಕು ಪಟ್ಟು ಹಿಗ್ಗಿಸಿದರೆ ಅಗಲದಲ್ಲಿ ಕಾಲು, ಎತ್ತರದಲ್ಲಿ ಕಾಲು, ಒಟ್ಟು ಪರದೆಯ ಹದಿನಾರನೆಯ ಒಂದು ಭಾಗವಷ್ಟೇ ಒಮ್ಮೆಗೆ ಕಣ್ಣಿಗೆ ಬೀಳುತ್ತದೆ. ಈಗ ನಿಮ್ಮ ಫಾರಂ ನೋಡಿ. ‘ಮೊಬೈಲ್ ಸಂಖ್ಯೆ’ ಎಂಬ ಹೆಸರು ಎಡತುದಿಯಲ್ಲಿ, ತುಂಬುವ ಜಾಗ ಬಲಕ್ಕೆ ಒಂದು ಗೇಣು ದೂರದಲ್ಲಿ ಇದ್ದರೆ ಎರಡೂ ಒಟ್ಟಿಗೆ ಕಾಣುವುದೇ ಇಲ್ಲ. ಹೆಸರನ್ನು ಖಾನೆಯ ಮೇಲೆ, ಎಡಕ್ಕೆ ಹೊಂದಿಸಿ ಇಡಿ. ‘ದಾಖಲಾಯಿತು’ ಎಂಬ ಸಂದೇಶ ಬಲ ಮೇಲ್ಮೂಲೆಯಲ್ಲಿ ಮೂರು ಸೆಕೆಂಡ್ ಮಿಂಚಿ ಮಾಯವಾದರೆ, ಕೆಳಗೆ ‘ಉಳಿಸಿ’ ಒತ್ತಿದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ಅವರು ಮತ್ತೆ ಒತ್ತುತ್ತಾರೆ, ದಾಖಲೆ ಎರಡಾಗುತ್ತದೆ. ತಪ್ಪು ಅವರದಲ್ಲ. ಸಂದೇಶ ಒತ್ತಿದ ಬಟನ್ನಿನ ಪಕ್ಕದಲ್ಲೇ ಬರಲಿ, ಅವರು ಮುಚ್ಚುವವರೆಗೂ ಇರಲಿ. ತಪ್ಪಿನ ಸೂಚನೆ ಆಯಾ ಖಾನೆಗೆ ತಾಗಿಕೊಂಡಿರಲಿ.

ಟೂಲ್‌ಟಿಪ್ ಇನ್ನೊಂದು ಕಾಟ. ಪುಟ್ಟ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಮೌಸ್ ಇಟ್ಟರೆ ವಿವರಣೆ ತೆರೆಯುತ್ತದೆ, ಆದರೆ ಅದರ ಅರ್ಧ ಹಿಗ್ಗಿಸಿದ ನೋಟದ ಹೊರಗಿರುತ್ತದೆ. ಮ್ಯಾಗ್ನಿಫೈಯರ್ ಹೋಗುವುದು ಮೌಸ್ ಹೋದ ಕಡೆ, ಹಾಗಾಗಿ ಉಳಿದರ್ಧ ಓದಲು ಮೌಸ್ ಸರಿಸಲೇಬೇಕು. ಸರಿಸಿದ ಕ್ಷಣ ವಿವರಣೆ ಮುಚ್ಚಿಕೊಳ್ಳುತ್ತದೆ. ಮೌಸನ್ನು ವಿವರಣೆಯ ಮೇಲೆ ತಂದರೂ ಅದು ತೆರೆದೇ ಇರಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಮುಖ್ಯವಾದ ಮಾತಾದರೆ ಟೂಲ್‌ಟಿಪ್ ಬಿಟ್ಟು ನೇರವಾಗಿ ಪುಟದಲ್ಲೇ ಬರೆಯುವುದು ವಾಸಿ.

ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ವ್ಯತ್ಯಾಸಕ್ಕೆ ಅದೇ ಮಾರ್ಗಸೂಚಿಯಲ್ಲಿ ಲೆಕ್ಕ ಇದೆ. ಮೊದಲ ಅಂಕಿ ದೊಡ್ಡದಾದಷ್ಟೂ ಅಕ್ಷರ ಎದ್ದು ಕಾಣುತ್ತದೆ. ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡ ಅಕ್ಷರಕ್ಕೆ, ಅಂದರೆ 24 ಪಿಕ್ಸೆಲ್ ಅಥವಾ ದಪ್ಪವಾಗಿದ್ದರೆ ಸುಮಾರು 18.7 ಪಿಕ್ಸೆಲ್‌ನಿಂದ ಮೇಲೆ, 3:1. ಖಾನೆಯ ಗೆರೆ, ಅರ್ಥವಿರುವ ಐಕಾನ್‌ಗಳಿಗೂ 3:1 ಬೇಕು. ಇವು ಕನಿಷ್ಠ ಮಿತಿಗಳು. ಮಂದದೃಷ್ಟಿಯವರು ದಿನವಿಡೀ ಕೂರುವ ಸಾಫ್ಟ್‌ವೇರ್‌ಗೆ 7:1 ಹಿಡಿಯಿರಿ ಎನ್ನುವುದು ನನ್ನ ಅಭಿಪ್ರಾಯ. ಬಿಳಿಯ ಮೇಲೆ #999999 ಬೂದು ಕೇವಲ 2.85. #777777 ಕೊಟ್ಟರೆ 4.48, ಇದನ್ನು 4.5 ಎಂದು ದುಂಡಾಗಿಸಿ ಪಾಸು ಮಾಡುವಂತಿಲ್ಲ. #767676 ದಾಟುತ್ತದೆ, 4.54. #595959ಕ್ಕೆ ಹೋದರೆ 7 ಸಿಗುತ್ತದೆ. ಎಚ್ಚರಿಕೆಗೆ ಎಲ್ಲರೂ ಹಾಕುವ ಅಪ್ಪಟ ಕೆಂಪು ಬಿಳಿಯ ಮೇಲೆ 4:1 ಮಾತ್ರ, ಅದರ ಬದಲು ಕಡುಗೆಂಪು #990000 ಹಾಕಿದರೆ ಸುಮಾರು 8.9. ಹಾಗೆಂದು ಕೆಂಪು ಗೆರೆಯೊಂದನ್ನೇ ನೆಚ್ಚಬೇಡಿ, ‘ದಿನಾಂಕ ತಪ್ಪಾಗಿದೆ’ ಎಂದು ಅಕ್ಷರದಲ್ಲೂ ಬರೆಯಿರಿ.

ಲೆಕ್ಕದಲ್ಲಿ ಪಾಸಾದರೂ ಕಣ್ಣಿಗೆ ಮಸುಕಾಗಿರುವುದುಂಟು. ತೆಳು ಫಾಂಟ್, ಅಂದರೆ 300 ತೂಕದ್ದು (ತೂಕ ಎಂದರೆ ಗೆರೆಯ ದಪ್ಪದ ಅಂಕಿ, ಸಾಮಾನ್ಯ ಅಕ್ಷರಕ್ಕೆ 400), ಹಾಕಿದಾಗ ಗೆರೆ ಒಂದು ಪಿಕ್ಸೆಲ್‌ಗಿಂತ ಸಣ್ಣದಾಗಿ, ಅಂಚು ನಯಮಾಡುವ ಪ್ರಕ್ರಿಯೆಯಲ್ಲಿ ಹಿನ್ನೆಲೆಯ ಬಣ್ಣ ಬೆರೆತುಬಿಡುತ್ತದೆ. ನೀವು ಬರೆದ ಬಣ್ಣ ಪರದೆಯ ಮೇಲೆ ಎಲ್ಲೂ ಇರುವುದಿಲ್ಲ.

ಕನ್ನಡಕ್ಕೆ ಇದು ಇನ್ನೂ ಹೆಚ್ಚು ಬಾಧಿಸುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಬ ಮತ್ತು ಭ ಕೂಡ ಹಾಗೇ. ಇಂಗ್ಲಿಷಿಗೆಂದು ಆರಿಸಿದ ಗಾತ್ರದಲ್ಲಿ ಈ ಗುರುತುಗಳು ಒಂದೆರಡು ಪಿಕ್ಸೆಲ್ ಅಷ್ಟೇ, ಮಂದದೃಷ್ಟಿಯವರಿಗೆ ಇಲ್ಲವೇ ಇಲ್ಲ. ಅವರು ಪದವನ್ನು ಊಹಿಸಿ ಓದುತ್ತಾರೆ. ವಾಕ್ಯದಲ್ಲಿ ಊಹೆ ನಡೆಯುತ್ತದೆ, ಹೆಸರು ವಿಳಾಸಗಳಲ್ಲಿ ನಡೆಯುವುದಿಲ್ಲ. ಕನ್ನಡ ಪಠ್ಯಕ್ಕೆ ಇಂಗ್ಲಿಷಿಗಿಂತ ಒಂದೆರಡು ಪಿಕ್ಸೆಲ್ ಹೆಚ್ಚು ಕೊಡಿ. ಸಾಲಿನ ಎತ್ತರ 1.2 ಇದ್ದರೆ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ, ಇಲ್ಲವೇ ಖಾನೆಯ ಅಂಚಿನಲ್ಲಿ ಕತ್ತರಿಸಿ ಹೋಗುತ್ತವೆ. 1.6 ಅಥವಾ 1.7 ಇಡಿ. ಫಾಂಟಿನಲ್ಲಿ ದಪ್ಪ ಅಕ್ಷರದ ಫೈಲ್ ಇಲ್ಲದಿದ್ದರೆ ಬ್ರೌಸರ್ ಇದ್ದ ಅಕ್ಷರಕ್ಕೇ ಮಸಿ ಬಳಿದಂತೆ ಕೃತಕವಾಗಿ ದಪ್ಪ ಮಾಡುತ್ತದೆ. ಆಗ ಆ ಸೀಳುಗಳೇ ಮುಚ್ಚಿಹೋಗುತ್ತವೆ. ನೋಟೋ ಸಾನ್ಸ್ ಕನ್ನಡದ 400 ಮತ್ತು 700 ಎರಡೂ ತೂಕಗಳನ್ನು ಸೇರಿಸಿಕೊಳ್ಳಿ. ಓರೆ ಅಕ್ಷರವನ್ನು ಕನ್ನಡಕ್ಕೆ ಹಾಕಲೇಬೇಡಿ.

ನಿಮ್ಮ ಕಪ್ಪು ಹಿನ್ನೆಲೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅದನ್ನು ಹೇರಬೇಡಿ. ಕಂಪ್ಯೂಟರಿನ ಸೆಟ್ಟಿಂಗ್ ಏನಿದೆಯೋ ಅದನ್ನು ಅನುಸರಿಸಿ, ಬೇಕಾದವರಿಗೆ ಬದಲಿಸಲು ಒಂದು ಗುಂಡಿ ಕೊಡಿ. ವಿಂಡೋಸ್‌ನ ಕಾಂಟ್ರಾಸ್ಟ್ ಥೀಮ್, ಅಂದರೆ ಎದ್ದು ಕಾಣುವ ಕೆಲವೇ ಬಣ್ಣಗಳ ಸೆಟ್ಟಿಂಗ್, ಬಳಸುವವರಿಗಂತೂ ನೀವು ಕೊಟ್ಟ ಬಣ್ಣಗಳನ್ನೆಲ್ಲ ಬ್ರೌಸರೇ ತೆಗೆದು ಅವರ ಬಣ್ಣ ಹಾಕುತ್ತದೆ. ಅಲ್ಲಿ ಮೂರು ಕಡೆ ಕೆಡುತ್ತದೆ. ಗೆರೆಯಿಲ್ಲದೆ ಬರೀ ಬಣ್ಣದಿಂದ ಮಾಡಿದ ಬಟನ್ ಸಾದಾ ಪಠ್ಯದಂತೆ ಕಾಣುತ್ತದೆ. ಕೀಬೋರ್ಡ್ ಈಗ ಯಾವ ಬಟನ್ ಅಥವಾ ಖಾನೆಯ ಮೇಲಿದೆ ಎಂದು ತೋರಿಸುವ ಫೋಕಸ್ ಗುರುತನ್ನು ನೆರಳಿನಿಂದ ಮಾಡಿದ್ದರೆ ಅದು ಪೂರ್ತಿ ಅಳಿಸಿಹೋಗುತ್ತದೆ. ಕಪ್ಪು ಬಣ್ಣ ತುಂಬಿದ ಎಸ್‌ವಿಜಿ ಐಕಾನ್ ಕಪ್ಪು ಹಿನ್ನೆಲೆಯಲ್ಲಿ ಕಾಣೆಯಾಗುತ್ತದೆ. ಮೊದಲಿನ ಎರಡಕ್ಕೂ ಮದ್ದು ಒಂದೇ: ಬಟನ್ನಿಗೆ 1 ಪಿಕ್ಸೆಲ್ ಪಾರದರ್ಶಕ ಬಾರ್ಡರ್, ಫೋಕಸ್‌ಗೆ 2 ಪಿಕ್ಸೆಲ್ ಪಾರದರ್ಶಕ ಔಟ್‌ಲೈನ್ ಕೊಡಿ. ಮಾಮೂಲಿ ನೋಟದಲ್ಲಿ ಕಾಣದು, ಕಾಂಟ್ರಾಸ್ಟ್ ಥೀಮ್‌ನಲ್ಲಿ ತಾನಾಗಿ ಬಣ್ಣ ಪಡೆಯುತ್ತದೆ. ಐಕಾನ್‌ಗೆ ಪಠ್ಯದ ಬಣ್ಣವನ್ನೇ ಹಿಡಿಯುವ ಕರೆಂಟ್‌ಕಲರ್ ಹಾಕಿ.

ವಿಂಡೋಸ್ ಪ್ರೋಗ್ರಾಮಿನಲ್ಲಿ ಹಿಗ್ಗಿಸಿದಾಗ ಅಕ್ಷರ ಮಬ್ಬಾದರೆ, ಅದು ಹೈ ಡಿಪಿಐಗೆ, ಅಂದರೆ ಪಿಕ್ಸೆಲ್ ದಟ್ಟವಾಗಿರುವ ಅಥವಾ ಹಿಗ್ಗಿಸಿದ ಪರದೆಗೆ, ಸಿದ್ಧವಿಲ್ಲ ಎಂದರ್ಥ. ವಿಂಡೋಸ್ ಅದರ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತಿರುತ್ತದೆ. ಪ್ರೋಗ್ರಾಮಿನ ವಿವರ ಹೇಳುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಪರ್‌ಮಾನಿಟರ್‌ವಿ2 (ಪ್ರತಿ ಪರದೆಗೆ ತಕ್ಕಂತೆ ತಾನೇ ಹಿಗ್ಗುತ್ತೇನೆ ಎಂಬ ಸೂಚನೆ) ಎಂದು ಘೋಷಿಸಿ, ನಂತರ ಪ್ರತಿ ಪರದೆಯನ್ನೂ ಪರೀಕ್ಷಿಸಿ. ಅಲ್ಲಿಯವರೆಗೆ ಬಳಕೆದಾರರು ಎಕ್ಸ್‌ಇ ಫೈಲಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ‘ಸಿಸ್ಟಮ್ ಎನ್‌ಹ್ಯಾನ್ಸ್ಡ್’ ಆರಿಸಿ ನೋಡಬಹುದು, ಕೆಲವು ಪ್ರೋಗ್ರಾಂಗಳಲ್ಲಿ ಅಕ್ಷರ ಚೂಪಾಗುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ 225%ವರೆಗೆ ಹೋಗುವ ‘ಟೆಕ್ಸ್ಟ್ ಸೈಜ್’ ಇದೆಯಲ್ಲ, ಅದು ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್ ಎಂಬ ಮೈಕ್ರೋಸಾಫ್ಟ್ ಸಲಕರಣೆಗಳಲ್ಲಿ ಕಟ್ಟಿದ ಪ್ರೋಗ್ರಾಂಗಳಿಗೆ ತಾನಾಗಿ ತಗಲುವುದಿಲ್ಲ. ಆ ಬೆಲೆಯನ್ನು ನೀವೇ ಓದಿ ಅನ್ವಯಿಸಬೇಕು. ಸ್ವಂತವಾಗಿ ಬಿಡಿಸಿದ ಬಟನ್, ಪಟ್ಟಿಗಳಿದ್ದರೆ ಫೋಕಸ್ ಎಲ್ಲಿದೆ ಎಂದು ಯುಐ ಆಟೊಮೇಶನ್‌ಗೆ (ಮ್ಯಾಗ್ನಿಫೈಯರ್‌ನಂಥ ಸಹಾಯಕ ಸಾಧನಗಳಿಗೆ ಸುದ್ದಿ ಮುಟ್ಟಿಸುವ ವಿಂಡೋಸ್ ವ್ಯವಸ್ಥೆ) ತಿಳಿಸಿ. ಇಲ್ಲವಾದರೆ ಟ್ಯಾಬ್ ಒತ್ತಿದಾಗ ಮ್ಯಾಗ್ನಿಫೈಯರ್ ಹಿಂಬಾಲಿಸದೆ ನಿಂತಲ್ಲೇ ನಿಲ್ಲುತ್ತದೆ.

ಪರೀಕ್ಷೆಗೆ ಒಂದು ಮಧ್ಯಾಹ್ನ ಸಾಕು. ಬ್ರೌಸರ್ ಕಿಟಕಿಯನ್ನು 1280 ಅಗಲಕ್ಕೆ ತಂದು 400% ಹಿಗ್ಗಿಸಿ, ಒಂದು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಿಸಿ. ಆಮೇಲೆ ಎಡ ಆಲ್ಟ್, ಎಡ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಒಟ್ಟಿಗೆ ಒತ್ತಿ ಕಾಂಟ್ರಾಸ್ಟ್ ಥೀಮ್ ಹಚ್ಚಿ, ಅದೇ ಕೆಲಸ ಮತ್ತೆ ಮಾಡಿ. ಮೂರನೆಯ ಸಲ ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿ ಮ್ಯಾಗ್ನಿಫೈಯರನ್ನು 400%ಕ್ಕೆ ತಂದು, ಬರೀ ಕೀಬೋರ್ಡಿನಲ್ಲಿ ಮಾಡಿ. ಮುಗಿದ ಮೇಲೆ ವಿಂಡೋಸ್ ಕೀ ಮತ್ತು ಎಸ್ಕೇಪ್. ಎಲ್ಲಿ ದಾರಿ ತಪ್ಪಿದಿರೋ ಅಲ್ಲೆಲ್ಲ ಗುರುತು ಹಾಕಿಕೊಳ್ಳಿ.

ಅದಾದ ಮೇಲೆ ಆ ಇಬ್ಬರ ಪಕ್ಕ ಕೂತು ನೋಡಿ, ಅವರದೇ ಕಂಪ್ಯೂಟರಿನಲ್ಲಿ, ಅವರದೇ ಸೆಟ್ಟಿಂಗಿನಲ್ಲಿ. ‘ಕಾಣಿಸುತ್ತಾ?’ ಎಂದು ಕೇಳಬೇಡಿ. ನಿಮಗೆ ಬೇಸರವಾಗದಿರಲೆಂದು ‘ಹ್ಞೂಂ, ಪರವಾಗಿಲ್ಲ’ ಎನ್ನುತ್ತಾರೆ. ಒಂದು ಕೆಲಸ ಕೊಟ್ಟು ಸುಮ್ಮನಿರಿ. ಮೂಗು ಪರದೆಗೆ ತಾಗುವಷ್ಟು ಬಾಗಿದ್ದು ಯಾವ ಖಾನೆಯ ಬಳಿ, ಮೌಸ್ ಹಿಡಿದು ಸುತ್ತಾಡಿದ್ದು ಏನನ್ನು ಹುಡುಕುತ್ತಾ, ಓದದೆ ನೆನಪಿನಿಂದಲೇ ಒತ್ತಿದ ಬಟನ್ ಯಾವುದು ಎಂದು ಬರೆದುಕೊಳ್ಳಿ. ಆ ಪಟ್ಟಿಯ ಮೊದಲ ಸಾಲಿನಿಂದ ತಿದ್ದಲು ಶುರು ಮಾಡಿ.