ಇತಿಹಾಸದಲ್ಲಿ ಪಿಎಚ್.ಡಿ. ಮಾಡಲೇ, ನೇರವಾಗಿ ಜನರ ನಡುವೆ ಕೆಲಸಕ್ಕಿಳಿಯಲೇ?

ಇತಿಹಾಸ ಓದುವ ಆಸೆಯಿದೆ, ಆದರೆ ಅಷ್ಟು ವರ್ಷ ಒಂದು ಸಂಘಟನೆಯಲ್ಲಿ ದುಡಿದರೆ ಜನರಿಗೆ ಹೆಚ್ಚು ಉಪಯೋಗವಲ್ಲವೇ ಎಂದು ಕೇಳಿದ್ದೀರಿ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಈಗ ಮೌಖಿಕ ಇತಿಹಾಸ, ಅಂದರೆ ಜನ ನೆನಪಿನಿಂದ ಹೇಳುವ ಇತಿಹಾಸ, ದಾಖಲಿಸುವ ಕೆಲಸದಲ್ಲಿದ್ದೇನೆ. ನನ್ನ ಉತ್ತರ ಇಷ್ಟು: ಜನರ ಮಾತನ್ನು ಅಲ್ಲಗಳೆಯಲಾಗದ ಸಾಕ್ಷ್ಯವಾಗಿಸುವ ವಿದ್ಯೆ ನಿಮಗೆ ಬೇಕಿದ್ದರೆ ಓದಿ.

ಕೆನಡಾದ ಒಂದು ಮೊಕದ್ದಮೆ ನೋಡಿ. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್, ವೆಟ್‌ಸುವೆಟೆನ್ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗಾಗಿ ದಾವೆ ಹೂಡಿದರು. ಕಾಗದಪತ್ರದ ಜಾಗದಲ್ಲಿ ಅವರ ಬಳಿ ಇದ್ದದ್ದು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥನಗಳು, ಹಾಡುಗಳು. ಹಿರಿಯರು ನ್ಯಾಯಾಲಯದಲ್ಲಿ ಅವನ್ನೇ ಹೇಳಿದರು, ಹಾಡಿದರು. 1991ರಲ್ಲಿ ಕೆಳ ನ್ಯಾಯಾಲಯ ಅದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು, ಬಾಯಿಮಾತಿನ ಇತಿಹಾಸವನ್ನೂ ಬರಹದ ದಾಖಲೆಗೆ ಸಮನಾಗಿ ತೂಗಬೇಕೆಂದು ಹೇಳಿ ಮರುವಿಚಾರಣೆಗೆ ಆದೇಶಿಸಿತು. ಭೂಮಿ ಆ ದಿನವೇ ಅವರ ಕೈಗೆ ಬಂತೆಂದಲ್ಲ. ಆದರೆ ಅಜ್ಜಿಯ ಮಾತೂ ಸಾಕ್ಷ್ಯ ಎಂಬ ತತ್ವ ಗಟ್ಟಿಯಾಯಿತು. ಇನ್ನೊಂದನ್ನೂ ಗಮನಿಸಿ: ಆ ಮೊಕದ್ದಮೆಯಲ್ಲಿ ವಿದ್ವಾಂಸರು ಎರಡೂ ಕಡೆ ಸಾಕ್ಷಿ ನುಡಿದಿದ್ದರು. ಓದಿದವರೆಲ್ಲ ಜನರ ಪರ ನಿಲ್ಲುತ್ತಾರೆಂಬ ಭರವಸೆಯನ್ನು ಯಾವ ಪದವಿಯೂ ಕೊಡುವುದಿಲ್ಲ. ಆ ಆಯ್ಕೆ ನಿಮ್ಮದೇ.

ಅಮೆರಿಕದ ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದ 1954ರ ತೀರ್ಪಿನ ಹಿಂದೆಯೂ ಜಾನ್ ಹೋಪ್ ಫ್ರಾಂಕ್ಲಿನ್ ಅವರಂಥ ಇತಿಹಾಸಕಾರರು ವಕೀಲರಿಗೆ ಹುಡುಕಿಕೊಟ್ಟ ಮಾಹಿತಿ ಇತ್ತು. ಓದು, ಕೆಲಸ ಎರಡನ್ನೂ ಕೂಡಿಸಿದವರು ನಮ್ಮಲ್ಲೂ ಇದ್ದಾರೆ: ಗಣೇಶ ದೇವಿಯವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ಹುದ್ದೆ ಬಿಟ್ಟು ಆದಿವಾಸಿಗಳ ನಡುವೆ ಕೆಲಸಕ್ಕಿಳಿದರು. ಅವರ ಮುಂದಾಳತ್ವದಲ್ಲಿ 2010ರಲ್ಲಿ ಶುರುವಾದ ಜನರ ಭಾಷಾ ಸಮೀಕ್ಷೆ ಭಾರತದಲ್ಲಿ 780 ಭಾಷೆಗಳನ್ನು ಗುರುತಿಸಿತು.

ಹಾಗಾಗಿ ವಿಷಯದ ಆಯ್ಕೆಯೇ ಮುಖ್ಯ. ಸಿದ್ಧಾಂತದಿಂದ ಹೊರಟು ಅದಕ್ಕೊಪ್ಪುವ ಜನರನ್ನು ಹುಡುಕಬೇಡಿ. ಒಂದು ಸಮುದಾಯ ಆಗಲೇ ಕೇಳುತ್ತಿರುವ ಪ್ರಶ್ನೆಯನ್ನು ಎತ್ತಿಕೊಳ್ಳಿ: ನಮ್ಮನ್ನು ಇಲ್ಲಿಂದ ಎಬ್ಬಿಸಿದ್ದು ಯಾವಾಗ, ನಮ್ಮ ಹೆಸರು ದಾಖಲೆಯಿಂದ ಬಿಟ್ಟುಹೋಗಿದ್ದು ಹೇಗೆ? ಧ್ವನಿಮುದ್ರಣಕ್ಕೆ ಮೊದಲೇ ಅನುಮತಿ ಪಡೆಯಿರಿ. ಅದರ ಪ್ರತಿಯನ್ನು ಮಾತಾಡಿದವರಿಗೆ ಕೊಡಿ. ಬರೆದದ್ದನ್ನು ಅಚ್ಚಿಗೆ ಮೊದಲು ಅವರ ಮುಂದೆ ಓದಿ, ತಿದ್ದಲು ಬಿಡಿ. ಸಾಕ್ಷ್ಯ ಕೊಟ್ಟವರಿಗೇ ಸಿಗದ ಪ್ರಬಂಧಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಸುತ್ತಲಿನವರಿಗೆ ಈ ವರ್ಷವೇ ಮನೆ, ಕೂಲಿ, ಔಷಧಿ ಬೇಕಿದ್ದರೆ ಸಂಘಟನೆಗೆ ಸೇರಿ. ಓದು ಆಮೇಲೂ ಆದೀತು. ಎರಡು ವರ್ಷ ಹಾಗೆ ಕೆಲಸ ಮಾಡಿ ಬಂದವರು ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ, ಇದನ್ನು ನಾನು ಕಂಡಿದ್ದೇನೆ.

ಓದುವುದೆಂದು ನಿರ್ಧರಿಸಿದರೆ, ಅರ್ಜಿ ಹಾಕುವ ಮುನ್ನ ಗೈಡ್ ಆಗಬಹುದಾದವರಿಗೆ ಪತ್ರ ಬರೆದು ಕೇಳಿ: ಕ್ಷೇತ್ರಕಾರ್ಯಕ್ಕೆ ಎಷ್ಟು ಸಮಯ ಬಿಡುತ್ತೀರಿ, ಜನರ ಭಾಷೆಯಲ್ಲಿ ಬರೆದ ವರದಿಗೂ ಮನ್ನಣೆ ಇದೆಯೇ, ಫೆಲೋಶಿಪ್ ಮುಗಿದ ಮೇಲೆ ಸಂಗ್ರಹವನ್ನು ಯಾರು ಕಾಯುತ್ತಾರೆ? ಅವರ ಹಳೆಯ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ಗೈಡ್ ಹೇಳದ್ದನ್ನು ಅವರು ಹೇಳುತ್ತಾರೆ.