ಮೆಸ್ಯಾನ್‌ಗೆ ನಮ್ಮ ತಾಳ ಸಿಕ್ಕಿದ್ದು ಹೇಗೆ?

ಧಾರವಾಡದಿಂದ ಬರೆದ ತಬಲಾ ವಿದ್ಯಾರ್ಥಿಗೆ ನಮಸ್ಕಾರ.

ಫ್ರೆಂಚ್ ಸಂಯೋಜಕ ಒಲಿವಿಯೇ ಮೆಸ್ಯಾನ್ ಭಾರತದ ತಾಳಗಳನ್ನು ಬಳಸಿದರು ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬಂದಿತ್ತು. ನೀವು ಅದನ್ನೇ ಹಿಡಿದು ಎರಡು ಪ್ರಶ್ನೆ ಕೇಳಿದ್ದೀರಿ. ಅವರಿಗೆ ತಾಳ ಕಲಿಸಿದ ಗುರು ಯಾರು? ಜರ್ಮನರ ಸೆರೆಯಲ್ಲಿ ಐದು ಸಾವಿರ ಕೈದಿಗಳ ಮುಂದೆ, ಮೂರೇ ತಂತಿಯ ಚೆಲ್ಲೋ (ಪಿಟೀಲಿನ ಜಾತಿಯ, ನಾಲ್ಕು ತಂತಿ ಇರಬೇಕಾದ ದೊಡ್ಡ ವಾದ್ಯ) ಇಟ್ಟುಕೊಂಡು ಕಛೇರಿ ನಡೆಸಿದರು ಅನ್ನೋದು ನಿಜವಾ?

ಗುರು ಯಾರೂ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಅಚ್ಚಾದ ಒಂದು ಪಟ್ಟಿ. ಪ್ಯಾರಿಸ್‌ನಲ್ಲಿ ಪ್ರಕಟವಾದ ದೊಡ್ಡ ಸಂಗೀತ ವಿಶ್ವಕೋಶವೊಂದರಲ್ಲಿ ಭಾರತದ ಬಗ್ಗೆ ಒಂದು ಅಧ್ಯಾಯವಿತ್ತು, ಅದರಲ್ಲಿ ಶಾರ್ಙ್ಗದೇವನ 120 ದೇಶೀ ತಾಳಗಳನ್ನು ಕೊಟ್ಟಿದ್ದರು. ಅದೇ ದೇವಗಿರಿಯ ಯಾದವರ ಆಸ್ಥಾನದಲ್ಲಿ 13ನೇ ಶತಮಾನದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ. ನಮಗೂ ಅವನು ಹೊರಗಿನವನಲ್ಲ, 15ನೇ ಶತಮಾನದಲ್ಲಿ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದ ಆಸ್ಥಾನದವನು.

ಈಗ ಸೆರೆಯ ಕಥೆ. ಮೆಸ್ಯಾನ್ ಹುಟ್ಟಿದ್ದು 1908ರಲ್ಲಿ, ಆವಿನ್ಯೋನ್‌ನಲ್ಲಿ. ತಾಯಿ ಕವಿ, ತಂದೆ ಇಂಗ್ಲಿಷ್ ಮೇಷ್ಟ್ರು. ಹನ್ನೊಂದನೇ ವಯಸ್ಸಿಗೇ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆ ಸೇರಿದರು. 1931ರಲ್ಲಿ ಅಲ್ಲಿನ ಟ್ರಿನಿಟಿ ಚರ್ಚಿನ ಆರ್ಗನ್ ವಾದಕರಾದವರು 1992ರಲ್ಲಿ ಸಾಯುವವರೆಗೂ ಆ ಜಾಗ ಬಿಡಲಿಲ್ಲ. ನಡುವೆ ಯುದ್ಧ ಬಂತು. 1940ರಲ್ಲಿ ಸೆರೆಸಿಕ್ಕರು.

ಜೊತೆಗೆ ಸಿಕ್ಕಿಬಿದ್ದವರಲ್ಲಿ ಚೆಲ್ಲೋ ವಾದಕ ಎತಿಯೆನ್ ಪಾಸ್ಕಿಯೇ, ಕ್ಲಾರಿನೆಟ್ ವಾದಕ ಆನ್ರಿ ಅಕೋಕಾ ಇದ್ದರು. ಅಕೋಕಾ ತಮ್ಮ ಕ್ಲಾರಿನೆಟ್ ಕೈಬಿಟ್ಟಿರಲಿಲ್ಲ. ಸಾವಿರಾರು ಸೈನಿಕರನ್ನು ಬಯಲಲ್ಲಿ ಕೂಡಿಹಾಕಿದ್ದಾಗ ಮೆಸ್ಯಾನ್ ಬರೆದ ಒಂಟಿ ಕ್ಲಾರಿನೆಟ್ಟಿನ ತುಣುಕನ್ನು ಅಕೋಕಾ ಅಲ್ಲೇ ನುಡಿಸಿ ನೋಡಿದರು, ಪಾಸ್ಕಿಯೇ ಎದುರು ನಿಂತು ಹಾಳೆ ಹಿಡಿದುಕೊಂಡರು. ಇದನ್ನು ನುಡಿಸೋಕೇ ಆಗಲ್ಲ ಅಂತ ಅಕೋಕಾ ಗೊಣಗಿದರಂತೆ. ಆಮೇಲೆ ಗೋರ್ಲಿಟ್ಸ್ ಊರಿನ ಶಿಬಿರದಲ್ಲಿ ಬ್ರೂಲ್ ಅನ್ನೋ ಜರ್ಮನ್ ಕಾವಲುಗಾರ ಮೆಸ್ಯಾನ್‌ಗೆ ಕಾಗದ, ಪೆನ್ಸಿಲ್ ತಂದುಕೊಟ್ಟ, ಕೂತು ಬರೆಯಲು ಜಾಗ ಮಾಡಿಕೊಟ್ಟ. ಹಾಗೆ ಹುಟ್ಟಿದ್ದು ‘ಕಾಲದ ಕೊನೆಗಾಗಿ ಕ್ವಾರ್ಟೆಟ್’, ಅಂದರೆ ನಾಲ್ಕು ವಾದ್ಯಗಳ ಕೃತಿ, ಒಟ್ಟು ಎಂಟು ಭಾಗ. ಮೊದಲ ಪ್ರದರ್ಶನ 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಒಂದು ಬ್ಯಾರಕ್ಕಿನಲ್ಲಿ. ಪಿಟೀಲು ಜಾನ್ ಲ ಬುಲೇರ್, ಪಿಯಾನೋ ಸ್ವತಃ ಮೆಸ್ಯಾನ್.

ಐದು ಸಾವಿರ ಜನ, ಮೂರು ತಂತಿ ಅಂತ ಹೇಳುತ್ತಾ ಬಂದವರು ಮೆಸ್ಯಾನೇ. ಆದರೆ ಚೆಲ್ಲೋ ಹಿಡಿದು ಕೂತವರು ಪಾಸ್ಕಿಯೇ ಅಲ್ವಾ? ಅವರು ನಾಲ್ಕೂ ತಂತಿ ಇದ್ದವು ಅಂದಿದ್ದಾರೆ, ಬ್ಯಾರಕ್ಕಿನಲ್ಲಿ ಹಿಡಿಸಿದ್ದೂ ಕೆಲವು ನೂರು ಜನ ಅಷ್ಟೇ. ನಾನು ಪಾಸ್ಕಿಯೇ ಮಾತನ್ನೇ ನಂಬುತ್ತೇನೆ. ಹಸಿದ ನಾಲ್ಕು ಜನ ಅಂಥ ಕಡೆ ಇಷ್ಟು ಕಷ್ಟದ ಸಂಗೀತ ನುಡಿಸಿದರಲ್ಲ, ಅದರ ಮೇಲೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಅಕೋಕಾ ಯಹೂದಿ. ಅದೇ ವರ್ಷ ಕ್ಲಾರಿನೆಟ್ ಸಮೇತ ಓಡುವ ರೈಲಿನಿಂದ ಹಾರಿ ತಪ್ಪಿಸಿಕೊಂಡರು.

ನಿಮಗೆ ಬೇಕಾದ ತಾಳ ಇರೋದು ಇದರ ಮೊದಲ ಭಾಗದಲ್ಲೇ. ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ, ಈ ಮೂರು ದೇಶೀ ತಾಳ ಪಿಯಾನೋದಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ತಾಳ ಶುರುವಾಗುವ ಪೆಟ್ಟಾದ ಸಮ ಇಲ್ಲ, ತಾಳದ ಒಂದು ಸುತ್ತಾದ ಆವರ್ತದ ಎಣಿಕೆಯೂ ಇಲ್ಲ. ಮೆಸ್ಯಾನ್ ತೆಗೆದುಕೊಂಡಿದ್ದು ಉದ್ದ-ಗಿಡ್ಡ ಕಾಲದ ಅಳತೆಗಳನ್ನು ಮಾತ್ರ. ಮೂರೂ ಸೇರಿ 17 ಅಳತೆ. ಅವುಗಳ ಮೇಲೆ ಕೂರುವ ಸ್ವರಗುಚ್ಛಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) 29. ಅಳತೆ ಮುಗಿದು ಮತ್ತೆ ಶುರುವಾದಾಗ ಗುಚ್ಛಗಳ ಸಾಲು ಇನ್ನೂ ನಡೆಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಮೊದಲಿಗೆ ಬರಬೇಕಾದರೆ 493 ಪೆಟ್ಟು ಬೇಕು, ಅಷ್ಟರೊಳಗೆ ಭಾಗವೇ ಮುಗಿದುಹೋಗಿರುತ್ತದೆ.

ಹಾಗಾಗಿ ‘ನಮ್ಮಿಂದ ಕಲಿತರು’ ಅಂತ ಎದೆ ತಟ್ಟಿಕೊಳ್ಳುವುದು ನನಗೆ ಸರಿ ಕಾಣಲ್ಲ. ನಮ್ಮಲ್ಲಿ ತಾಳ ಕೈಯಲ್ಲಿ, ಬಾಯಲ್ಲಿ ಬದುಕುತ್ತದೆ. ಅವರು ಅದನ್ನು ಕಾಗದದಿಂದ ಎತ್ತಿಕೊಂಡು ಬೇರೆಯದೇ ಕೆಲಸಕ್ಕೆ ಹಚ್ಚಿದರು. ಆ ಕೆಲಸ ಪೂರ್ತಿ ಅವರದು, ಮತ್ತು ಬಹಳ ದೊಡ್ಡದು. ಬುಲೇಜ್, ಸ್ಟಾಕ್‌ಹೌಸೆನ್‌ರಂಥ ಹೆಸರಾಂತ ಸಂಯೋಜಕರು ಅವರ ತರಗತಿಯಲ್ಲಿ ಕೂತು ಕಲಿತದ್ದು ಸುಮ್ನೆ ಅಲ್ಲ.

ಮೂರನೇ ಭಾಗದಿಂದ ಕೇಳಲು ಶುರುಮಾಡಿ, ಬಯಲಲ್ಲಿ ಅಕೋಕಾ ಗೊಣಗಿದ್ದು ಅದಕ್ಕೇ. ಆಮೇಲೆ ಮೊದಲ ಭಾಗ ಹಾಕಿಕೊಂಡು, ಕ್ಲಾರಿನೆಟ್ ಮತ್ತು ಪಿಟೀಲಿನಲ್ಲಿ ಬರುವ ಹಕ್ಕಿಗಳ ಕೂಗನ್ನು ಬಿಟ್ಟು ಪಿಯಾನೋ ಒಂದನ್ನೇ ಹಿಡಿದು ಅಳತೆ ಎಣಿಸಿ ನೋಡಿ. ಎಷ್ಟನೇ ಸುತ್ತಿಗೆ ಕೈ ತಪ್ಪಿತು ಅಂತ ನಮಗೆ ಬರೆದು ತಿಳಿಸಿ.

– ಸಂ.